ಭಟ್ಟಿಯ ಮರಳು

ಮಗಳು ಧಾರವಾಡದ ಹಾಸ್ಟೆಲಿಗೆ ಹೋಗುವಾಗ ತನ್ನ ಓತಿಕ್ಯಾತವನ್ನು ನನ್ನ ಕೊರಳಿಗೆ ಕಟ್ಟಿ ಹೋದಳು. ನಮ್ಮ ಬೇಲಿಯ ಮೇಲೆ ತಲೆ ಕುಣಿಸುವ ಜಾತಿಯದಲ್ಲ, ಪರದೇಶದ್ದು. ಗಂಟಲಡಿ ಮುಳ್ಳಿನ ಗಡ್ಡ, ಮೊಳದುದ್ದ ಮೈ. ಮೊದಮೊದಲು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ನನ್ನ ಕೈಯಿಂದಲೇ ಕೊತ್ತಂಬರಿ ಕಿತ್ತು ತಿನ್ನುವಷ್ಟು ಸಲಿಗೆಯಾಯಿತು. ದಾವಣಗೆರೆಯ ಬಿಸಿಲು ಅದಕ್ಕೆ ಚೆನ್ನಾಗಿ ಒಗ್ಗಿತ್ತು.

ಬೇಸಿಗೆ ಶುರುವಿನಲ್ಲಿ ಅದರ ಹೊಟ್ಟೆ ಉಬ್ಬಿತು. ಮೇವು ಬಿಟ್ಟು ಗಾಜಿನ ಪೆಟ್ಟಿಗೆಯ ಮೂಲೆ ಕೆರೆಯತೊಡಗಿತು. ಫೋಟೋ ಕಳಿಸಿದ್ದಕ್ಕೆ ಮಗಳು ಕೂಡಲೇ ಫೋನ್ ಮಾಡಿದಳು. ಮೊಟ್ಟೆ ತುಂಬಿವೆ, ಗಂಡಿಲ್ಲದಿದ್ದರೂ ಕೋಳಿಯಂತೆ ಇದೂ ಇಡುತ್ತದೆ ಎಂದಳು. ಬಿಲ ತೋಡಿ, ಇಟ್ಟು, ಮುಚ್ಚಬೇಕು. ಜಾಗ ಸಿಗದಿದ್ದರೆ ಮೊಟ್ಟೆಯನ್ನು ಒಳಗೇ ತಡೆದುಕೊಂಡು ಸಾಯುತ್ತದಂತೆ.

"ಹಸಿ ಮಣ್ಣು ಹಾಕವ್ವ. ಮುಷ್ಟ್ಯಾಗೆ ಹಿಡಿದ್ರೆ ಉಂಡಿ ಆಗ್ಬೇಕು, ಅಂಥದ್ದು" ಎಂದಳು.

ನನಗೋ ಹಸಿ ಎಂದರೆ ಆಗದು. ಮಂಡಕ್ಕಿ ಭಟ್ಟಿಯ ಮನೆಗೆ ಸೊಸೆಯಾಗಿ ಬಂದವಳು ನಾನು. ತೇವದ ಮರಳಿನಲ್ಲಿ ಅಕ್ಕಿ ಅರಳುವುದಿಲ್ಲ ಎಂದು ಅತ್ತೆ ಕಲಿಸಿದ್ದು ಮೈಗೆ ಹತ್ತಿಬಿಟ್ಟಿದೆ. ಹಸಿ ಎಂದರೆ ಮುಗ್ಗಲು, ಇರುವೆ, ಗಲೀಜು. ಹಾಸ್ಟೆಲಿನಲ್ಲಿ ಕೂತವಳು ಮರಳಿನ ವಿಷಯದಲ್ಲಿ ನನಗೇ ಪಾಠ ಹೇಳುವುದೇ ಎಂಬ ಗತ್ತು ಬೇರೆ. ಭಟ್ಟಿಯಿಂದ ಆರಿದ ಮರಳು ತಂದು, ಮೂರು ಸಲ ಜರಡಿ ಹಿಡಿದು, ಟಬ್ಬಿನ ತುಂಬ ಸುರಿದೆ. ಊರಿನಲ್ಲಿ ಅದಕ್ಕಿಂತ ಚೊಕ್ಕ ಮರಳು ಇರಲಿಲ್ಲ. ಸಂಜೆ ಮಗಳು ಕೇಳಿದಾಗ ಹಸಿ ಮಣ್ಣೇ ಹಾಕಿದ್ದೇನೆ ಎಂದೆ.

ಓತಿಕ್ಯಾತ ಟಬ್ಬಿಗಿಳಿದು ಅಗೆಯಲು ಹತ್ತಿತು. ಮುಂಗಾಲಿನಿಂದ ಕೆದರುವುದು, ಹಿಂಗಾಲಿನಿಂದ ತಳ್ಳುವುದು. ಗುಂಡಿ ಗೇಣಾಗುವ ಮೊದಲೇ ಮರಳು ಸರ್ರನೆ ಜರಿದು ತುಂಬಿಕೊಳ್ಳುತ್ತಿತ್ತು. ಅದು ಮತ್ತೆ ಶುರು ಮಾಡುತ್ತಿತ್ತು. ನಾನು ಆಟವೆಂದುಕೊಂಡು ವಿಡಿಯೋ ತೆಗೆದೆ. ಮಗಳಿಗೆ ಮಾತ್ರ ಕಳಿಸಲಿಲ್ಲ, ಒಣ ಮರಳು ಕಾಣುತ್ತಿತ್ತಲ್ಲ.

ಏಳನೇ ದಿನ ಅದು ಅಗೆಯುವುದನ್ನೂ ಬಿಟ್ಟು ಮರಳ ಮೇಲೆ ಗದ್ದ ಊರಿ ಬಿದ್ದುಕೊಂಡಿತು. ಬುಟ್ಟಿಯ ತಳಕ್ಕೆ ಅದೇ ಮರಳು ಹಾಸಿ, ಅದನ್ನು ಮಲಗಿಸಿ, ಹರಿಹರದ ಬಸ್ಸು ಹತ್ತಿದೆ. ಗಿಳಿ, ಆಮೆಗಳನ್ನೂ ನೋಡುವ ಪಶುವೈದ್ಯರೊಬ್ಬರು ಅಲ್ಲಿದ್ದಾರೆಂದು ಕೇಳಿದ್ದೆ.

ಅವರು ಹೊಟ್ಟೆ ಮುಟ್ಟಿ ನೋಡಿ, ಎಂಥದ್ದರಲ್ಲಿ ಬಿಟ್ಟಿದ್ದಿರಿ ಎಂದು ಕೇಳಿದರು. ಬುಟ್ಟಿಯ ಮರಳು ತೋರಿಸಿದೆ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದರು. ಬೆರಳ ಸಂದಿಯಿಂದ ಎಲ್ಲ ಸೋರಿಹೋಯಿತು.

"ಇದ್ರಾಗ ಬಿಲ ನಿಲ್ತೈತೇನ್ರಿ ಅಮ್ಮಾ?" ಎಂದರು.

ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಬೈಯಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸೂಜಿ ಹಾಕಿ, ತಡವಾಗಿದೆ, ಆದರೂ ಹಸಿ ಮಣ್ಣಿಗೆ ಬಿಟ್ಟು ನೋಡಿ ಎಂದರು. ನಾನು ನೇರ ಹೊಳೆದಂಡೆಗೆ ಹೋಗಿ ಜೊಂಡಿನ ಬುಡದ ಹಸಿ ಮಣ್ಣನ್ನು ಕೈಯಿಂದಲೇ ಬಗೆದು ಚೀಲಕ್ಕೆ ತುಂಬಿಕೊಂಡೆ.

ಮನೆಗೆ ಬಂದು ಆ ಮಣ್ಣಿಗೆ ಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಗೆಯತೊಡಗಿತು. ಈ ಸಲ ಬಿಲ ಜರಿಯಲಿಲ್ಲ. ಬಾಲದ ತುದಿಯಷ್ಟೇ ಹೊರಗೆ ಉಳಿಯಿತು. ನಾನು ದೇವರ ಮುಂದೆ ಊದುಬತ್ತಿ ಹಚ್ಚಿದೆ. ನಾಲ್ಕು ಮೊಟ್ಟೆ ಇಟ್ಟಿತು. ಉಳಿದವು ಬರಲಿಲ್ಲ. ಬೆಳಿಗ್ಗೆ ನೋಡಿದಾಗ ಸತ್ತಿತ್ತು.

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮರಳಿನದ್ದೂ, ಸುಳ್ಳಿನದ್ದೂ. ಜಗಳವಾಡುತ್ತಾಳೆ, ಆಡಿದರೆ ನನಗೂ ಹಗುರಾದೀತು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಎಷ್ಟು ದಿನ ಅಗಿತವ್ವ ಅದು?" ಎಂದಳು.

ಎರಡು ದಿನ ಎನ್ನಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಆರು" ಎಂದೆ.