ನಮ್ಮ ಏರಿಗೆ ಬಟನ್ ಟೈರು

ಬಟನ್ ಟೈರು ಕಂಡರೆ ನನಗೆ ಅಸಹ್ಯ. ಕೆಸರಿನಲ್ಲಿ ಹಿಡಿತ ಸಿಗಲೆಂದು ಮೈತುಂಬ ರಬ್ಬರಿನ ಗಂಟುಗಳನ್ನು ಎಬ್ಬಿಸಿಕೊಂಡಿರುವ ಟೈರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಶನಿವಾರ ಬಂತೆಂದರೆ ಅಂಥ ಟೈರಿನ ಜೀಪುಗಳು ಸೋಮವಾರಪೇಟೆ ದಾಟಿ ನಮ್ಮ ಮಣ್ಣುರಸ್ತೆಗೆ ನುಗ್ಗುತ್ತವೆ. ನಮ್ಮ ಹತ್ತೂ ಮನೆ ಇರುವುದು ತಗ್ಗಿನಲ್ಲಿ, ಟಾರು ರಸ್ತೆ ಇರುವುದು ಮೇಲೆ, ನಡುವೆ ಒಂದು ಕಡಿದಾದ ಏರು. ತಗ್ಗಿನ ಕೊನೆಯಲ್ಲಿ ಹೊಳೆಯ ಪಕ್ಕ ಒಂದು ಹೋಂಸ್ಟೇ. ಅಲ್ಲಿಗೆ ಬಂದವರು ಏರನ್ನು ಇಳಿದು ಹೋದರೆ ಸಾಲದು. ಅಡ್ಡಡ್ಡ ಓಡಿಸಬೇಕು, ಗುಂಡಿ ತೋಡಬೇಕು, ಆ ಗುಂಡಿಯಲ್ಲಿ ಚಕ್ರವನ್ನು ಗಿರಗಿರನೆ ತಿರುಗಿಸಬೇಕು, ಕೆಸರು ತಮ್ಮ ಮುಖಕ್ಕೇ ಸಿಡಿದರೆ ಕೇಕೆ ಹಾಕಬೇಕು. ನಮ್ಮ ಬೇಲಿ, ಗೇಟು, ತಂತಿಯ ಮೇಲಿನ ಬಟ್ಟೆ, ಎಲ್ಲಕ್ಕೂ ಕೆಂಪು ರಾಡಿ. ಸೋಮವಾರ ಬೆಳಿಗ್ಗೆ ಆ ರಾಡಿಯಲ್ಲಿ ಚಿಪ್ಸಿನ ಕವರು, ಬಿಯರಿನ ಬಾಟಲಿ ಆರಿಸುವವರು ನಾವು.

ಬೇಸಿಗೆಯಲ್ಲಿ ಇನ್ನೂ ಹೇಸಿಗೆ. ಕೆಸರು ಇಲ್ಲವೆಂದು ಹೋಂಸ್ಟೇಯವನು ತೋಟದ ಪೈಪು ತಿರುಗಿಸಿ ರಸ್ತೆಗೆ ನೀರು ಬಿಡುತ್ತಾನೆ. ನಾವೆಲ್ಲ ಕಾಫಿ ಹೂವಿಗೆ ಒಂದು ಮಳೆ ಬಂದರೆ ಸಾಕೆಂದು ಆಕಾಶ ನೋಡುತ್ತಿರುವ ದಿನಗಳಲ್ಲಿ! ಕೇಳಲು ಹೋದರೆ ಹಲ್ಲು ಕಿರಿದು, "ಏನ್ ಮಾಡದು ರೈಟರ್ರೇ, ಅವ್ರು ಬರದೇ ಕೆಸರಿಗೆ" ಅಂದ. ನನ್ನ ಮೈಯೆಲ್ಲ ಉರಿಯಿತು.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಆಳುಗಳ ಲೈನುಮನೆಗಳ ಮುಂದೆ ನಿಂತು ಅವರ ಹೆಸರು ಕೂಗಿ ಹಾಜರಿ ಹಾಕಿದ್ದೇನೆ. ಕೆಲಸ ಬಿಟ್ಟ ಮೇಲೂ ಆ ಗಂಟಲು ಊರಿಗೆ ವರ್ಷಕ್ಕೆ ಒಂದು ದಿನದ ಮಟ್ಟಿಗೆ ಉಪಯೋಗಕ್ಕೆ ಬರುತ್ತಿತ್ತು. ಮಳೆಗಾಲ ಹಿಡಿಯುವ ಮೊದಲು ಮನೆಗೊಬ್ಬರಂತೆ ಗುದ್ದಲಿ, ಬುಟ್ಟಿ ಹಿಡಿದು ಬಂದು ಏರಿಗೆ ಕಲ್ಲು ಹಾಸುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಆಳು ಕಳಿಸುವಂತಿಲ್ಲ, ಮನೆಯವರೇ ಬರಬೇಕು. ದಿನ ಗೊತ್ತು ಮಾಡಿ ಮನೆಮನೆಗೆ ಹೋಗಿ ಕರೆಯುವವನು ನಾನು. ಕರೆದರೆ ಯಾರೂ ತಪ್ಪಿಸುವುದಿಲ್ಲ, ಕರೆಯದಿದ್ದರೆ ಯಾರೂ ತಾವಾಗಿ ಶುರು ಮಾಡುವುದಿಲ್ಲ. ಒಂದು ವರ್ಷ ನನ್ನ ಹೆಂಡತಿ ತನ್ನ ತವರಿನಿಂದ ಬಂದಿದ್ದ ಬೀಸುಕಲ್ಲು ಸೀಳಿ ಹೋಯಿತೆಂದು ಅದರ ಅರ್ಧವನ್ನು ತಂದು ಏರಿನ ತಿರುವಿನಲ್ಲಿ ತಾನೇ ಕೂರಿಸಿದ್ದಳು. ಅದರ ಮೇಲೆ ಎಷ್ಟು ಮಳೆ, ಎಷ್ಟು ಜೀಪು ಹೋದವೋ, ಅದು ಅಲ್ಲಾಡಿರಲಿಲ್ಲ.

ಎರಡು ವರ್ಷದಿಂದ ಅವಳಿಗೆ ಕಿಡ್ನಿ ಕೆಲಸ ಮಾಡುತ್ತಿಲ್ಲ. ಸೋಮವಾರ, ಗುರುವಾರ ಮಡಿಕೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ಒಂದು ಸರದಿ ತಪ್ಪಿದರೂ ಕಾಲು ಊದಿ, ಉಸಿರು ಕಟ್ಟಿ, ಅವಳು ದಿಂಬಿಗೆ ಒರಗಿ ಕೂತೇ ಕಾಲ ಕಳೆಯಬೇಕು. ಜೀಪು ಹತ್ತಲು ಅವಳಿಂದಾಗುವುದಿಲ್ಲ. ಒಮ್ಮೆ ಇಬ್ಬರು ಎತ್ತಿ ಕೂರಿಸಿದ್ದಕ್ಕೆ ದಾರಿಯುದ್ದಕ್ಕೂ ಕುಲುಕಿ ವಾಂತಿ ಮಾಡಿಕೊಂಡಳು. ಉಳಿದದ್ದು ನಮ್ಮ ಹಳೆಯ ಪುಟ್ಟ ಕಾರು. ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ಉದ್ದನೆಯ ಸೋಫಾದಂಥ ಸೀಟು. ಅದು ಅವಳ ಕಾರು. ತಾನು ಟೀಚರ್ ಕೆಲಸದಲ್ಲಿದ್ದಾಗ ಕೊಂಡು, ತಾನೇ ಕಲಿತು, ದಿನಾ ಶಾಲೆಗೆ ಓಡಿಸಿದ್ದಳು. ಈಗ ನಾನು ಓಡಿಸುತ್ತೇನೆ, ಅವಳು ಎಡಗಡೆ ಕೂತು ನನ್ನ ತಪ್ಪು ಎಣಿಸುತ್ತಾಳೆ.

ಈ ಸಲ ಮೇ ಮುಗಿಯುತ್ತ ಬಂದಾಗ ನಾನು ಯಾರ ಮನೆಗೂ ಹೋಗಲಿಲ್ಲ.

"ಕಲ್ಲು ಹಾಸಕ್ಕೆ ಕರೀಲಿಲ್ವೇನ್ರೀ?" ಎಂದು ಅವಳು ಕೇಳಿದಳು.

"ಆ ಹಲ್ಕಟ್ಟುಗಳು ಕೀಳಕ್ಕೆ ನಾನ್ಯಾಕೆ ಕಲ್ಲು ಹೊರ್ಲಿ? ಟೈರ್ ಹಾಕಿಸ್ತೀನಿ. ನಮ್ ಕಾರು ಹತ್ತಿದ್ರೆ ಆಯ್ತು."

"ಯಾವ ಟೈರು?"

ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ನೀವು? ಬಟನ್ ಟೈರು?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಟೈರು ಆರಿಸುವುದೂ ಒಂದು ಕೊಳಕು ಅನುಭವವೇ. ಕುಶಾಲನಗರದ ದೊಡ್ಡ ಅಂಗಡಿಯಲ್ಲಿ ರಬ್ಬರಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಗೋಡೆಯ ತುಂಬ ಕೆಸರಲ್ಲಿ ಹಾರುವ ಜೀಪುಗಳ ಚಿತ್ರ. ಮಾಲೀಕ ನನ್ನ ಕಾರನ್ನು ಸುತ್ತಿ ಬಂದು, ಈ ಸೈಜಿಗೆ ಬಟನ್ ಟೈರು ಬರುವುದೇ ಇಲ್ಲ, ರಿಮ್ ಬದಲಾಯಿಸಿ ಅಗಲದ್ದು ಹಾಕೋಣ, ಮಡ್‌ಗಾರ್ಡು ತಾಗಿದರೆ ಸ್ವಲ್ಪ ಕತ್ತರಿಸೋಣ ಎಂದ. "ಸೂಪರ್ ಲುಕ್ ಬರ್ತದೆ ಸಾರ್. ಎಲ್ರೂ ತಿರುಗಿ ನೋಡ್ಬೇಕು!" ಡಯಾಲಿಸಿಸ್‌ಗೆ ಹೋಗುವವಳನ್ನು ಯಾರು ತಿರುಗಿ ನೋಡಬೇಕಾಗಿತ್ತು? ಮೂವತ್ತು ವರ್ಷ ಒಂದು ಗೀರೂ ಬೀಳದಂತೆ ಅವಳು ನೋಡಿಕೊಂಡ ಕಾರಿನ ಅಂಚಿಗೆ ಕಟಿಂಗ್ ಮಷೀನು ಇಡುವ ಮಾತು ಕೇಳಿದ್ದೇ, ಅವನು ಕೊಡಿಸಿದ ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಕೊನೆಗೆ ದಾರಿ ತೋರಿಸಿದವನು ಸೋಮವಾರಪೇಟೆಯ ಹಳೇ ಮೆಕ್ಯಾನಿಕ್ಕು. ಮಲಯಾಳಂ ಮನೆಮಾತಿನವನು, ಎಸ್ಟೇಟ್ ಜೀಪುಗಳ ಹೊಟ್ಟೆಯಡಿಯಲ್ಲೇ ಆಯುಸ್ಸು ಕಳೆದವನು. ಅಗಲದ ಟೈರಿನ ಹೆಸರೆತ್ತಿದ್ದಕ್ಕೆ ಪಕ್ಕಕ್ಕೆ ತಿರುಗಿ ಉಗಿದ. "ಅಗಲದ್ದು ಕೆಸರಿನ ಮೇಲೆ ತೇಲ್ತದೆ ಸಾರೇ. ನಮ್ದು ಸಣ್ಣ ವಂಡಿ. ಸಪೂರ ಟೈರು ಕೆಸರನ್ನ ಕೊಯ್ದು ಕೆಳಗಿನ ಗಟ್ಟಿ ಹಿಡೀತದೆ." ಒಳ್ಳೆಯ ಹಳೇ ಟೈರು ಎರಡನ್ನು ಅವನೇ ಹುಡುಕಿ, ಮೇಲೆ ಹೊಸ ರಬ್ಬರು ಕೂರಿಸಿ ಬಟನ್ ಅಚ್ಚಿನಲ್ಲಿ ರೀಸೋಲ್ ಮಾಡಿಸಲು ಹಾಸನಕ್ಕೆ ಕಳಿಸಿದ. ಬಂದಾಗ ಎರಡು ಗಂಟುಗಳ ನಡುವೆ ತನ್ನ ಹೆಬ್ಬೆರಳು ಇಳಿಸಿ ನೋಡಿದ. "ಬೆರಳು ಹೋಗ್ಬೇಕು. ಸಂದು ಸಣ್ಣ ಆದ್ರೆ ನಮ್ ಕೆಂಪು ಮಣ್ಣು ಕಚ್ಕೊಂಡು ಕೂರ್ತದೆ, ಟೈರು ಬೋಳಾಗ್ತದೆ." ಎಳೆಯುವುದು ಹಿಂದಿನ ಚಕ್ರವಾದ್ದರಿಂದ ಎರಡನ್ನೂ ಹಿಂದಕ್ಕೇ ಹಾಕಿದ. ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದ: "ಚಕ್ರ ಸುಮ್ನೆ ಸುತ್ತಕ್ಕೆ ಶುರುವಾದ್ರೆ ಆಕ್ಸಿಲರೇಟರ್ ಬಿಡ್ಬೇಕು. ಒತ್ತಿದ್ರೆ ಇದು ಹತ್ತಲ್ಲ ಸಾರೇ, ತೋಡ್ತದೆ."

ಅಂದವಾದ ಆ ಕಾರು ರಬ್ಬರ್ ಬೂಟು ಹಾಕಿಕೊಂಡ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಟಾರು ರಸ್ತೆಯಲ್ಲಿ ಗೊಂಯ್ ಎಂದು ಮೂಗಿನಿಂದ ಅಳುತ್ತಿತ್ತು. ಆದರೆ ಜೂನ್ ಪೂರ್ತಿ ಏರನ್ನು ಹತ್ತಿತು. ನಾನು ಬೀಗಿದೆ.

ಜುಲೈಯ ಒಂದು ಗುರುವಾರ. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹಿಂದಿನ ವಾರಾಂತ್ಯದ ಜೀಪುಗಳು ಏರನ್ನು ಎಮ್ಮೆ ಹೊರಳಿದ ಹೊಂಡ ಮಾಡಿಟ್ಟಿದ್ದವು. ಹತ್ತು ಗಂಟೆಗೆ ಅವಳ ಸರದಿ. ಬೆಳಗಿನಿಂದಲೇ ಅವಳ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ತಿರುವಿನವರೆಗೆ ಹತ್ತಿದ ಕಾರು ನಿಂತಿತು. ಚಕ್ರ ಸುತ್ತಿತು. ಮೆಕ್ಯಾನಿಕ್ಕಿನ ಮಾತು ನೆನಪಿತ್ತು, ಆದರೂ ಒತ್ತಿದೆ. ಸಿಟ್ಟಿಗೆ ಇನ್ನೂ ಒತ್ತಿದೆ.

"ಬಿಡ್ರೀ, ಬಿಡಿ" ಎಂದಳು ಅವಳು. ಅಷ್ಟರಲ್ಲಿ ಹಿಂದಿನಿಂದ ಕಲ್ಲುಗಳು ಚಿಮ್ಮುವ ಸದ್ದು. ಹಳೇ ವರ್ಷಗಳ ಕಲ್ಲು, ಉಳಿದಿದ್ದವೆಲ್ಲ, ಒಂದೊಂದಾಗಿ ಎದ್ದು ಬಂದವು. ಕಾರು ಹೊಟ್ಟೆಯವರೆಗೆ ಕೂತಿತು. ಇಳಿದು ಹಿಂದೆ ಹೋಗಿ ನೋಡಿದೆ. ರಾಡಿಯಲ್ಲಿ ಮಗುಚಿ ಬಿದ್ದಿತ್ತು ಅರ್ಧ ಬೀಸುಕಲ್ಲು. ಅದರ ಅಂಚಿಗೆ ನನ್ನ ಟೈರಿನ ರಬ್ಬರು ಕಪ್ಪಗೆ ಉಜ್ಜಿಕೊಂಡಿತ್ತು. ಜೀಪುಗಳು ಕೀಳದ ಕಲ್ಲು.

ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವಳು ಬಾಗಿ ಹಾರನ್ನಿನ ಮೇಲೆ ಕೈಯಿಟ್ಟು ಹಾಗೇ ಒತ್ತಿ ಹಿಡಿದಳು. ಕೆಳಗಿನ ಮನೆಯವರು ಹಾರೆ ಹಿಡಿದು ಓಡಿ ಬಂದರು, ಕೊಡೆಯಿಲ್ಲದೆ. ಗಿಡ ನೆಡಲು ಹೊರಟಿದ್ದ ಲೈನಿನ ಹೆಂಗಸರು ತಲೆ ಬೆನ್ನು ಮುಚ್ಚುವ ಗೊರಗ ಹಾಕಿಕೊಂಡೇ ಇಳಿದು ಬಂದರು. ಚಿಮ್ಮಿದ ಕಲ್ಲುಗಳನ್ನೇ ಆರಿಸಿ ತಂದು ಚಕ್ರದಡಿಗೆ ತುರುಕಿದರು. ಬೀಸುಕಲ್ಲನ್ನು ನಾನೇ ಎತ್ತಿ ತಂದು ಕೊಟ್ಟೆ. ಪಕ್ಕದ ಮನೆಯಾಕೆ ಅದನ್ನು ತಳ್ಳುತ್ತ, "ಈ ಸಲ ಕರೀಲೇ ಇಲ್ಲ ನೀವು. ನಾವು ಬುಟ್ಟಿ ಗುದ್ಲಿ ತೆಗ್ದಿಟ್ಟು ಕಾದಿದ್ದೇ ಬಂತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಡಿಕೇರಿ ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ಅವಳ ಸರದಿ ಇನ್ನೊಬ್ಬರಿಗೆ ಹೋಗಿತ್ತು. ನರ್ಸಮ್ಮ ಅವಳ ಕಾಲು ನೋಡಿ ಮಧ್ಯಾಹ್ನದ ಗುಂಪಿನಲ್ಲಿ ಸೇರಿಸಿಕೊಂಡರು. ಅಲ್ಲಿಯವರೆಗೆ ಬೆಂಚಿನ ಮೇಲೆ ಅವಳು ಬಾಯಲ್ಲಿ ಉಸಿರಾಡುತ್ತ ಕೂತಿದ್ದಳು, ನಾನು ಪಕ್ಕದಲ್ಲಿ ಕೆಸರಿನ ಪ್ಯಾಂಟಿನಲ್ಲಿ. ಉಸಿರು ಎಳೆದುಕೊಳ್ಳುತ್ತಲೇ ಅವಳು ಅಂದಳು: "ನಾಳೆ ಎಲ್ಲರ್ನೂ ಕರೀರಿ. ಆ ಹೋಂಸ್ಟೇಯವನನ್ನೂ."

ಮರುದಿನ ಅವನ ಮನೆಗೇ ಮೊದಲು ಹೋದೆ, ಕಹಿ ಔಷಧಿಯನ್ನು ಮೊದಲು ಕುಡಿದು ಮುಗಿಸುವ ಹಾಗೆ. ಹೋಂಸ್ಟೇಯವನು ಗೇಟಿಗೆ ಬಂದ. ನಾಳೆ ಏಳು ಗಂಟೆಗೆ ಏರಿಗೆ ಕಲ್ಲು ಹಾಸುವುದಿದೆ ಎಂದೆ. ಅಷ್ಟು ವರ್ಷದಲ್ಲಿ ಅವನನ್ನು ನಾನು ಒಮ್ಮೆಯೂ ಕರೆದಿರಲಿಲ್ಲ. ಅವನು ತಲೆ ಕೆರೆದುಕೊಂಡು, "ಬರ್ತೀನಿ ಬಿಡಿ" ಎಂದ. ನಾನು ತಿರುಗುವಷ್ಟರಲ್ಲಿ ಹಿಂದಿನಿಂದ ಕೇಳಿದ, ಕುಹಕವಿಲ್ಲದೆ, ಒಂದೇ ಕಸುಬಿನವರು ಕೇಳಿಕೊಳ್ಳುವ ಹಾಗೆ:

"ನಿಮ್ದೂ ಈಗ ಬಟನ್ ಟೈರೇ ಅಲ್ವಾ ರೈಟರ್ರೇ? ಹೆಂಗೆ, ಚೆನ್ನಾಗಿ ಕೀಳುತ್ತಾ?"

"ಹೂಂ, ಕೀಳುತ್ತೆ" ಎಂದೆ. "ಆಳು ಕಳಿಸ್ಬೇಡಿ. ನೀವೇ ಬನ್ನಿ."