ಬೇರೆ ಇಟ್ಟಿದ್ದ ಮೀನು

ನೋಡ್ರಿ ಗೆಳತ್ಯಾರ, ಇವತ್ತು ಮಗಳಿಗೆ ಹಾಲು ಕುಡಿಸಿ ಬರೋದ್ರೊಳಗೆ, ಮೊನ್ನೆ ಹುಬ್ಬಳ್ಳಿಯಿಂದ ಹಾನಗಲ್ಲಿಗೆ ಬಸ್ಸಿನಲ್ಲಿ ತಂದ ಸಮುದ್ರದ ಮೀನನ್ನು ನಮ್ಮತ್ತೆ ಹಳೆಯ ಮೀನುಗಳಿರುವ ದೊಡ್ಡ ಉಪ್ಪುನೀರಿನ ಟ್ಯಾಂಕಿಗೆ ಬಿಟ್ಟಿದ್ದರು. ಹೊಸ ಮೀನಿಗೆ ರೋಗವಿದ್ದರೆ ಹಳೆಯವಕ್ಕೂ ಹತ್ತುತ್ತದೆ ಅಂತ, ಒಂದು ತಿಂಗಳು ಬೇರೆ ಇರಲಿ ಎಂದು ಅದನ್ನು ಸಣ್ಣ ಟ್ಯಾಂಕಿನಲ್ಲಿ ಇಟ್ಟಿದ್ದೆ.

"ಅತ್ತಿ, ಯಾಕ ಬಿಟ್ರಿ? ಅದಕ್ಕ ಜಡ್ಡು ಇರಬಹುದು ಅಂತ ಹೇಳಿದ್ನೆಲ್ರಿ!"

"ಸಾಲ್ಯಾಗ ನನ್ನೂ ಹಿಂಗ ಬ್ಯಾರೆ ಕುಂದ್ರಸ್ತಿದ್ರವಾ. ನನಗ ಯಾವ ಜಡ್ಡಿತ್ತು?"

ಈಗ ಮೀನನ್ನು ವಾಪಸ್ ಹಿಡಿದರೂ ಉಪಯೋಗವಿಲ್ಲ, ಎಲ್ಲಾ ಒಂದೇ ನೀರಾಗಿದೆ. ಹೊಸದೂ ಸೇರಿ ಏಳೂ ಮೀನುಗಳ ಮೈಮೇಲೆ ಜಡ್ಡಿನ ಬಿಳಿ ಚುಕ್ಕಿ ಎದ್ದಾವೇನೋ ಅಂತ ನೋಡುತ್ತ ಕುಂತೇನಿ. ಔಷಧ ಎಷ್ಟು ಹನಿ ಹಾಕಬೇಕೆಂದು ಬಾಟಲಿ ಮೇಲೆ ಬರೆದಿದ್ದಾರೆ. ಅತ್ತೆಗೆ ಏನು ಹೇಳಬೇಕೆಂದು ಬರೆದಿಲ್ಲ.