ಡಬರಿಯ ಮೇಲಿನ ಹೆಸರು

ನನ್ನ ಮೇಲೆ ಅಪವಾದಗಳು ಬೇಕಾದಷ್ಟಿವೆ. ಅವುಗಳಲ್ಲಿ ನಿಜವಾದದ್ದು ಒಂದೇ: ನಾನು ಗೆಳತಿಯ ಪುಳಿಯೋಗರೆ ಕದ್ದವಳು.

ನ್ಯೂಯಾರ್ಕಿಗೆ ಈಚೆಯ ನಮ್ಮೂರು ಕ್ರ್ಯಾನ್‌ಬರಿಯ ಕನ್ನಡದವರ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಎಂದರೆ ಮೇಜಿನ ತುಂಬ ಸ್ಟೀಲ್ ಡಬರಿಗಳು, ಎಲ್ಲವೂ ಒಂದೇ ಥರ. ಅದಕ್ಕೇ ಮುಚ್ಚಳಕ್ಕೆ ಟೇಪ್ ಅಂಟಿಸಿ ಮಾಡಿದವರ ಹೆಸರು ಬರೆಯುವ ಪದ್ಧತಿ. ಎರಡು ವರ್ಷದ ಹಿಂದೆ ಯುಗಾದಿಯ ದಿನ, ಬಡಿಸುವ ಗಡಿಬಿಡಿಯಲ್ಲಿ ನನ್ನ ಮುಚ್ಚಳ ಶಾರದೆಯ ಡಬರಿಯ ಮೇಲೂ ಅವಳದು ನನ್ನದರ ಮೇಲೂ ಕೂತವು. ಇಬ್ಬರದೂ ಪುಳಿಯೋಗರೆಯೇ. "ಆಂಟಿ, ನಿಮ್ಮ ಪುಳಿಯೋಗರೆ ಸೂಪರ್! ರೆಸಿಪಿ ಶೇರ್ ಮಾಡಿ" ಎಂದು ಜನ ನನ್ನನ್ನು ಮುತ್ತಿಕೊಂಡರು. ಮೊದಲ ತುತ್ತಿಗೇ ಅದು ನನ್ನ ಕೈಯದಲ್ಲವೆಂದು ಗೊತ್ತಾಗಿತ್ತು. ಆದರೂ "ಅಯ್ಯೋ, ಅದೇನ್ ಮಹಾ" ಎಂದು ನಾಚಿಕೊಂಡೆ. ನ್ಯೂಯಾರ್ಕಿನಾಚೆಯ ಜೆರಿಕೋದಿಂದ ಅಷ್ಟು ದೂರ ಬಂದಿದ್ದ ಶಾರದೆ, ನನ್ನ ಇಪ್ಪತ್ತು ವರ್ಷದ ಗೆಳತಿ, ಪಕ್ಕದಲ್ಲೇ ನಿಂತಿದ್ದಳು.

ಅಂದಿನಿಂದ ಅವಳ ಫೋನ್ ಇಲ್ಲ. ಅವಳ ಡಬರಿ ನನ್ನ ಮನೆ ಸೇರಿತು, ನನ್ನದು ಅವಳ ಮನೆ. ತಪ್ಪು ಮುಚ್ಚಳದ್ದು, ನನ್ನದಲ್ಲ ಎಂದು ಬಹಳ ಸಮರ್ಥವಾಗಿ ವಾದಿಸಿದೆ, ಕನ್ನಡಿಯ ಮುಂದೆ. ಆದರೆ ಡಬರಿ ಬೋರಲು ಹಾಕಿದಾಗಲೆಲ್ಲ ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆಸಿದ 'ಶಾರದಾ' ನನ್ನನ್ನೇ ನೋಡುತ್ತಿತ್ತು.

ಕಳೆದ ತಿಂಗಳು ಮಗಳ ಜೊತೆ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಹೋಗಿದ್ದೆ. ಎಲ್ಲರೂ ಈಜಿಪ್ಟಿನ ಮಮ್ಮಿ ನೋಡುತ್ತಿದ್ದರೆ ನಾನು ಮಡಕೆ ನೋಡುತ್ತ ನಿಂತೆ. ಪ್ರಾಚೀನ ಈಜಿಪ್ಟಿನವರು ದ್ರಾಕ್ಷಾರಸದ ಹೂಜಿಯ ಮೇಲೆ ಮಸಿಯಲ್ಲಿ ಬರೆಯುತ್ತಿದ್ದರಂತೆ: ಯಾವ ವರ್ಷದ್ದು, ಯಾವ ತೋಟದ್ದು, ಮಾಡಿಸಿದವನು ಯಾರು. ಮುಚ್ಚಳ ಅದಲುಬದಲಾದರೂ ಹೆಸರು ಹೋಗದ ಹಾಗೆ, ಹೂಜಿಯ ಹೊಟ್ಟೆಯ ಮೇಲೇ! ಮೂರು ಸಾವಿರ ವರ್ಷವಾದರೂ ಆ ಪುಣ್ಯಾತ್ಮನ ಹೆಸರು ಹಾಗೇ ಇದೆ. ಶಾರದೆಯದನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದೆ.

ಪಕ್ಕದಲ್ಲೊಂದು ಬಟ್ಟಲು. ತೀರಿಕೊಂಡ ಬಂಧುಗಳಿಗೆ ಎಡೆ ಇಡುವ ಬಟ್ಟಲಿನ ಮೇಲೇ ಅವರಿಗೆ ಕಾಗದವನ್ನೂ ಬರೆಯುತ್ತಿದ್ದರಂತೆ. ಉಣ್ಣಲು ಬಂದವರು ಓದದೆ ಹೋಗುವಂತಿಲ್ಲ. ಎಂಥ ಜಾಣರು!

"ಅಮ್ಮಾ, ಇಟ್ಸ್ ಜಸ್ಟ್ ಎ ಪಾಟ್. ಕ್ಯಾನ್ ವಿ ಗೋ?" ಎಂದಳು ಮಗಳು. ನಾನು ಆ ಬಟ್ಟಲಿನ ಮುಂದಿನಿಂದ ಕದಲಲಿಲ್ಲ. ಅವರು ಸತ್ತವರಿಗೂ ಬಟ್ಟಲು ಕಳಿಸುತ್ತಿದ್ದರು. ನನ್ನ ಶಾರದೆ ಜೆರಿಕೋದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾಳೆ.

ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಮನೆಗಳ ನಿಯಮ. ನಾನೇ ಪುಳಿಯೋಗರೆ ಕಲಸಿ ಶಾರದೆಯ ಡಬರಿಗೆ ತುಂಬಿದೆ. ಆ ಬಟ್ಟಲಿನವರ ಹಾಗೆ ಡಬರಿಯ ಮೇಲೇ ಬರೆಯಲು ಎಣ್ಣೆ ಬಿಡಲಿಲ್ಲ, ಟೇಪಿನ ಮೇಲೆ ಬರೆದೆ: 'ಅವತ್ತಿನದು ನಿನ್ನದು. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯ್ತು.' ಟ್ರಾಫಿಕ್ಕನ್ನು ಬೈಯುತ್ತ ಡ್ರೈವ್ ಮಾಡಿ ಜೆರಿಕೋ ಮುಟ್ಟಿದೆ.

ಶಾರದೆ ಬಾಗಿಲಲ್ಲೇ ಓದಿದಳು. ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ನೀನು ಹೊಗಳಿಸ್ಕೊಂಡಿದ್ದಕ್ಕಲ್ಲ ಕಣೇ ನಂಗೆ ಕೋಪ" ಎಂದಳು. "ನಿನ್ನ ಈ ಪುಳಿಯೋಗರೆನ ಅಷ್ಟು ಜನ ನನ್ನ ಹೆಸರಲ್ಲಿ ತಿಂದ್ರಲ್ಲ, ಅದಕ್ಕೆ! ಬಾ ಒಳಗೆ."

ನಗುತ್ತ ನಗುತ್ತ ಇಬ್ಬರೂ ಅತ್ತೆವು. ಹೊರಡುವಾಗ ಅವಳೂ ನನ್ನ ಡಬರಿಯನ್ನು ಬರಿದಾಗಿ ಕೊಡಲಿಲ್ಲ, ತನ್ನ ಪುಳಿಯೋಗರೆ ತುಂಬಿ ಕೊಟ್ಟಳು. ಟೇಪನ್ನು ಮಾತ್ರ ಮುಚ್ಚಳಕ್ಕೆ ಅಂಟಿಸದೆ ಡಬರಿಯ ಹೊಟ್ಟೆಗೇ ಒತ್ತಿ ಅಂಟಿಸಿದ್ದಳು: 'ಮಾಡಿದವಳು ಶಾರದಾ.'

ಪುಳಿಯೋಗರೆ ಅವತ್ತೇ ಖಾಲಿಯಾಯಿತು. ಡಬರಿಯನ್ನು ನಾಲ್ಕು ಸಲ ತೊಳೆದಿದ್ದೇನೆ. ಆ ಟೇಪನ್ನು ಮಾತ್ರ ಇನ್ನೂ ಕಿತ್ತಿಲ್ಲ.